ಈಜುಕೊಳದ ಲೆಕ್ಕದ ತಂತ್ರಾಂಶ ಮೇ ತಿಂಗಳಲ್ಲೂ ಆಟಿಯಲ್ಲೂ ತಪ್ಪುವುದೇಕೆ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕದವನು. ಬೇಕಲ ಮತ್ತು ಉಪ್ಪಳದ ಕಡೆ ಮೂರು ಹೋಂಸ್ಟೇಗಳ ಈಜುಕೊಳಗಳನ್ನು ನೋಡಿಕೊಳ್ಳುತ್ತೇನೆ. ಅಮೆರಿಕದ ಒಂದು ಕೋಷ್ಟಕವನ್ನು ಆಧರಿಸಿ, ಯಾವ ರಾಸಾಯನಿಕ ಎಷ್ಟು ಹಾಕಬೇಕೆಂದು ಹೇಳುವ ಸಣ್ಣ ತಂತ್ರಾಂಶವನ್ನು ಮೊಬೈಲಿಗಾಗಿ ನಾನೇ ಬರೆದಿದ್ದೇನೆ. ಕಡತವನ್ನು ಇದರೊಂದಿಗೆ ಕಳುಹಿಸಿದ್ದೇನೆ. ದೊಡ್ಡ ಕೊಳ 32 ಅಡಿ ಉದ್ದ, 16 ಅಡಿ ಅಗಲ, ಆಳ 3ರಿಂದ 6 ಅಡಿ. ಬೇಸಿಗೆಯಲ್ಲಿ ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆ, ಮಳೆಗಾಲದಲ್ಲಿ ದ್ರವ ಕ್ಲೋರಿನ್ ಬಳಸುತ್ತೇನೆ. ಮೇ ತಿಂಗಳಲ್ಲಿ ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷದಲ್ಲಿ 3 ಪಾಲು) ಇದ್ದರೂ ನೀರು ಹಸಿರಾಗುತ್ತದೆ. ಜುಲೈಯಲ್ಲಿ, ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಹೊತ್ತಿಗೆ, ತಂತ್ರಾಂಶ ಹೇಳಿದಷ್ಟೇ ಆಸಿಡ್ ಹಾಕಿದರೂ ಪಿಎಚ್ ತೀರಾ ಕೆಳಗಿಳಿಯುತ್ತದೆ, ಟೈಲ್ಸ್ ಸಂದಿನ ಸಿಮೆಂಟು ಮರಳಿನಂತೆ ಉದುರುತ್ತದೆ. ಮೊದಲು ಏನನ್ನು ಸರಿಪಡಿಸಬೇಕು? ಸೆನ್ಸರ್ ಅಥವಾ ಕೃತಕ ಬುದ್ಧಿಮತ್ತೆ ಸೇರಿಸಿದರೆ ಸರಿಹೋದೀತೇ?

ಉತ್ತರ: ನಿಮ್ಮ ಕಡತವನ್ನು ಸಾಲು ಸಾಲಾಗಿ ಓದಿದ್ದೇನೆ. ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರುವುದು ಒಂದೇ ಕಡೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಈ ತಂತ್ರಾಂಶಕ್ಕೆ ನೆನಪಿಲ್ಲ. ತೆರೆದಾಗಲೆಲ್ಲ ಅದು ಕೊಳವನ್ನು ಅಂದು ಬೆಳಗ್ಗೆಯೇ ಕಟ್ಟಿ ನೀರು ತುಂಬಿಸಿದಂತೆ ಭಾವಿಸುತ್ತದೆ; ನಿನ್ನೆ ಏನು ಹಾಕಿದಿರಿ, ಅದರಿಂದ ಎಷ್ಟು ಏರಬೇಕಿತ್ತು, ನಿಜಕ್ಕೂ ಎಷ್ಟು ಏರಿತು ಎಂದು ಕೇಳುವುದೇ ಇಲ್ಲ. ನಮ್ಮ ಕಡೆಯ ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂದು ತೂಗಿಯೇ ಹಾಕುತ್ತಾರೆ. ಹಾಗಿದ್ದೂ ಕತ್ತಿಯ ಅಲಗನ್ನು ಒಮ್ಮೆ ಅದರಲ್ಲಿ ಅದ್ದಿ ನೋಡದೆ ಮದ್ದು ಬಿಡುವುದಿಲ್ಲ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ತೂಕ ಸರಿಯಿದ್ದರೂ ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿರಬಹುದು ಎಂಬುದು ಅವರಿಗೆ ಅನುಭವದಿಂದ ಗೊತ್ತು. ಕತ್ತಿ ಅದ್ದುವ ಆ ಹೆಜ್ಜೆ ನಿಮ್ಮ ತಂತ್ರಾಂಶದಲ್ಲಿಲ್ಲ, ಮತ್ತು ನೀವು ಹೇಳಿದ ಎರಡು ತೊಂದರೆಗಳ ಬೇರೂ ಅಲ್ಲಿಯೇ ಇದೆ.

ಮೊದಲು ಲೆಕ್ಕದ ತಪ್ಪನ್ನು ನೋಡೋಣ. ಸರಾಸರಿ ಆಳ ನಾಲ್ಕೂವರೆ ಅಡಿ ಎಂದು ಹಿಡಿದರೆ ಕೊಳದ ಗಾತ್ರ 2304 ಘನ ಅಡಿ, ಅಂದರೆ ಸುಮಾರು 65,200 ಲೀಟರ್. ಇದನ್ನು ಗ್ಯಾಲನ್‌ಗೆ ಪರಿವರ್ತಿಸಲು ನೀವು 4.546ರಿಂದ ಭಾಗಿಸಿದ್ದೀರಿ. ನಮ್ಮ ಶಾಲೆಗಳಲ್ಲಿ ಕಲಿಸುವ ಗ್ಯಾಲನ್ ಅದೇ ಆದರೂ ಅದು ಬ್ರಿಟಿಷ್ ಅಳತೆ. ನಿಮ್ಮ ಕೋಷ್ಟಕದ್ದು 3.785 ಲೀಟರಿನ ಅಮೆರಿಕದ ಗ್ಯಾಲನ್. ಹಾಗಾಗಿ ನಿಮ್ಮ ತಂತ್ರಾಂಶ ಹೇಳುವ ಪ್ರತಿಯೊಂದು ಪ್ರಮಾಣವೂ ಸುಮಾರು ಆರನೆಯ ಒಂದು ಪಾಲು ಕಡಿಮೆಯಿದೆ. ಗುಣಕವನ್ನು ತಿದ್ದಿ ಅಷ್ಟಕ್ಕೇ ಬಿಡಬೇಡಿ. ಗ್ಯಾಲನ್, ಔನ್ಸ್‌ಗಳನ್ನು ಒಳಗಿನ ಲೆಕ್ಕದಿಂದ ಪೂರ್ತಿ ತೆಗೆದುಹಾಕಿ. 1000 ಲೀಟರ್ ನೀರಿನಲ್ಲಿ 1 ಗ್ರಾಂ ಎಂದರೆ 1 ಪಿಪಿಎಂ ಎಂಬ ಸರಳ ಸಂಬಂಧ ನಮಗಿರುವಾಗ ಕೋಷ್ಟಕದ ಹಂಗೇ ಬೇಕಾಗಿಲ್ಲ. ಅಡಿಯಲ್ಲಿ ಅಳೆದವರು ಅಡಿಯಲ್ಲೇ ತುಂಬಲಿ, ತಂತ್ರಾಂಶ ಅದನ್ನು ಬಾಗಿಲಲ್ಲೇ ಲೀಟರಿಗೆ ಬದಲಿಸಿ ಒಳಗೆ ಬಿಟ್ಟುಕೊಳ್ಳಲಿ.

ಇನ್ನು ಮೇ ತಿಂಗಳ ಹಸಿರು. ನಿಮ್ಮ ಪರದೆಯಲ್ಲಿ ಸಯನ್ಯೂರಿಕ್ ಆಮ್ಲಕ್ಕೆ (ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುವ ವಸ್ತು) ಒಂದು ಚೌಕವಿದೆ, ಆದರೆ ಅದನ್ನು ಖಾಲಿ ಬಿಟ್ಟರೆ ತಂತ್ರಾಂಶ ಸೊನ್ನೆ ಎಂದು ತಿಳಿದು ಮುಂದಕ್ಕೆ ಹೋಗುತ್ತದೆ. ಕಡತದಲ್ಲಿರುವ ನಿಮ್ಮ ದಾಖಲೆಗಳಲ್ಲಿ ಆ ಚೌಕ ಒಮ್ಮೆಯೂ ತುಂಬಿಲ್ಲ. ಅಳೆಯದಿರುವುದೂ ಸೊನ್ನೆ ಇರುವುದೂ ಒಂದೇ ಅಲ್ಲ, ಮತ್ತು ನೀರಿನ ವಿಷಯದಲ್ಲಿ ಇದು ಅಪಾಯಕಾರಿ ಗೊಂದಲ. ಟ್ರೈಕ್ಲೋರ್ ಮಾತ್ರೆ ಕರಗಿದಾಗ ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆಗೆ ಸುಮಾರು 0.6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. 200 ಗ್ರಾಂನ ಒಂದು ಮಾತ್ರೆ ನಿಮ್ಮ ದೊಡ್ಡ ಕೊಳಕ್ಕೆ ಸುಮಾರು 2.8 ಪಿಪಿಎಂ ಕ್ಲೋರಿನ್ ಕೊಡುತ್ತದೆ, 1.7 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ಬಿಟ್ಟುಹೋಗುತ್ತದೆ. ಕ್ಲೋರಿನ್ ಬಿಸಿಲಿಗೆ, ಬೆವರಿಗೆ, ಪಾಚಿಗೆ ಖರ್ಚಾಗುತ್ತದೆ. ಸಯನ್ಯೂರಿಕ್ ಆಮ್ಲ ಹಾಗೆ ಖರ್ಚಾಗುವ ವಸ್ತುವಲ್ಲ. ನೀರು ಹೊರಗೆ ಹೋದರೆ ಮಾತ್ರ ಅದೂ ಹೋಗುತ್ತದೆ. ದಿನಕ್ಕೆ 2 ಪಿಪಿಎಂನಂತೆ ಜನವರಿಯಿಂದ ಮೇ ಕೊನೆಯವರೆಗೆ 150 ದಿನ ಮಾತ್ರೆ ಹಾಕಿದರೆ 300 ಪಿಪಿಎಂ ಕ್ಲೋರಿನ್ ಬಂದು ಹೋಗಿರುತ್ತದೆ, ಫಿಲ್ಟರ್ ತೊಳೆಯುವಾಗ ಹೋದದ್ದನ್ನು ಬಿಟ್ಟರೆ 180 ಪಿಪಿಎಂ ಸಯನ್ಯೂರಿಕ್ ಆಮ್ಲ ಉಳಿದಿರುತ್ತದೆ.

ಈ ಆಮ್ಲ ಸ್ವಲ್ಪ ಪ್ರಮಾಣದಲ್ಲಿದ್ದರೆ ಉಪಕಾರಿಯೇ. ಅದಿಲ್ಲದ ತೆರೆದ ಕೊಳದಲ್ಲಿ ನಮ್ಮ ಏಪ್ರಿಲ್ ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ನಿನ ಬಹುಪಾಲನ್ನು ತಿಂದುಹಾಕುತ್ತದೆ. 30ರಿಂದ 50 ಪಿಪಿಎಂ ಸಾಕು. ಹೆಚ್ಚಾದಷ್ಟೂ ಅದು ಕ್ಲೋರಿನ್ನನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಪರೀಕ್ಷೆಯಲ್ಲಿ 3 ಎಂದು ಕಂಡರೂ ಪಾಚಿಯನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಅತ್ಯಲ್ಪವಾಗಿರುತ್ತದೆ. ಪಾಚಿ ಬೆಳೆಯದಿರಲು ಸಯನ್ಯೂರಿಕ್ ಆಮ್ಲದ ಶೇಕಡಾ 7.5ರಷ್ಟಾದರೂ ಕ್ಲೋರಿನ್ ಇರಬೇಕೆಂಬುದು ಕೊಳ ನೋಡಿಕೊಳ್ಳುವವರ ನಡುವೆ ಬಳಕೆಯಲ್ಲಿರುವ ಲೆಕ್ಕ. ಆ ಪ್ರಕಾರ 180ಕ್ಕೆ ಹದಿಮೂರಕ್ಕಿಂತ ಹೆಚ್ಚು ಬೇಕು. ನಿಮ್ಮಲ್ಲಿದ್ದುದು 3. ಅಂದರೆ ನೀರು ಹಸಿರಾದದ್ದು ನ್ಯಾಯವೇ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳುಜ್ವರಕ್ಕೆ ಜೀವಗಳು ಹೋಗಿವೆ. ಮೂಗಿನ ಮೂಲಕ ಒಳಸೇರುವ ಆ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವಂಥದ್ದು. ಹೀಗಿರುವಾಗ ಪರದೆಯ ಮೇಲೆ ಕ್ಲೋರಿನ್ ಸಾಕಷ್ಟಿದೆ ಎಂದು ಹಸಿರು ಗುರುತು ತೋರಿಸಿ ನೀರಿನಲ್ಲಿ ಅದು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದರೆ, ಆ ತಂತ್ರಾಂಶ ಇಲ್ಲದಿರುವುದೇ ಲೇಸು ಎಂದು ನಾನು ನಂಬುತ್ತೇನೆ.

ಆದ್ದರಿಂದ ಆ ಚೌಕ ಖಾಲಿಯಿದ್ದರೆ ತಂತ್ರಾಂಶ ಕ್ಲೋರಿನ್ ಬಗ್ಗೆ ತೀರ್ಪು ಕೊಡಲೇಬಾರದು. ‘ಸಯನ್ಯೂರಿಕ್ ಆಮ್ಲ ಅಳೆದಿಲ್ಲ’ ಎಂದು ಹೇಳಿ ನಿಲ್ಲಬೇಕು. ಒಮ್ಮೆ ಅಳೆದ ಮೇಲೆ ಹಾಕಿದ ಪ್ರತಿ ಮಾತ್ರೆಯ ಲೆಕ್ಕವನ್ನೂ ಅದೇ ಕೂಡಿಸುತ್ತ ಹೋಗಲಿ. 30ರಿಂದ ಹೊರಟು 50 ತಲುಪಲು ದಿನಕ್ಕೆ 2 ಪಿಪಿಎಂ ಕ್ಲೋರಿನ್ನಿನಂತೆ ಹದಿನಾರು ಹದಿನೇಳು ದಿನಗಳು ಸಾಕು. ಆ ಗಡಿ ಬಂದಾಗ ಮಾತ್ರೆ ನಿಲ್ಲಿಸಿ ದ್ರವ ಕ್ಲೋರಿನ್‌ಗೆ ಬದಲಾಯಿಸಿರೆಂದು ತಂತ್ರಾಂಶವೇ ಹೇಳಬೇಕು. ನಮ್ಮಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಕಾರಣವಿದೆ. ಮೇ ತಿಂಗಳಲ್ಲಿ ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬಿಸಿರೆಂದು ಹೇಳುವುದು ಸುಲಭ, ಆದರೆ ಬಾವಿ ಬತ್ತಿ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ನೂಲಿನಂತೆ ಇಳಿಯುವ ಹೊತ್ತಿನಲ್ಲಿ 30,000 ಲೀಟರ್ ನೀರನ್ನು ತರುವುದೆಲ್ಲಿಂದ?

ಆಟಿಯ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ನಿಮ್ಮ ಕೊಳದ ಮೇಲ್ಮೈ ಸುಮಾರು 47.5 ಚದರ ಮೀಟರ್. ಒಂದು ತಿಂಗಳಲ್ಲಿ 1000 ಮಿಲಿಮೀಟರ್ ಮಳೆ ಬಿದ್ದರೆ, ಕಾಸರಗೋಡಿನ ಜೂನ್, ಜುಲೈಗೆ ಇದೇನೂ ಅತಿಶಯವಲ್ಲ, ಕೊಳಕ್ಕೆ 47,500 ಲೀಟರ್ ನೀರು ಬಿದ್ದು ಅಷ್ಟೇ ನೀರು ಉಕ್ಕಿ ಹರಿದುಹೋಗುತ್ತದೆ. ಮಳೆನೀರು ಚೆನ್ನಾಗಿ ಬೆರೆಯುತ್ತದೆಂದು ಹಿಡಿದರೆ ತಿಂಗಳ ಕೊನೆಗೆ ಹಳೆಯ ನೀರಿನಲ್ಲಿ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. 80 ಪಿಪಿಎಂ ಇದ್ದ ಕ್ಷಾರತೆ 40ರ ಆಸುಪಾಸಿಗೆ ಇಳಿಯುತ್ತದೆ, ಕ್ಯಾಲ್ಸಿಯಂ ಗಡಸುತನವೂ ಹಾಗೆಯೇ. ಪಂಪ್ ನಿಲ್ಲಿಸಿದ್ದಾಗ ಮಳೆನೀರು ಮೇಲಿಂದ ಮೇಲೆಯೇ ಹರಿದುಹೋಗುವುದರಿಂದ ನಿಜವಾದ ಇಳಿಕೆ ಇದಕ್ಕಿಂತ ಕಡಿಮೆ ಇರಬಹುದು, ಆದರೆ ದಿಕ್ಕು ಇದೇ.

ಕ್ಷಾರತೆ ಎಂದರೆ ಆಸಿಡ್ ಬಿದ್ದರೂ ಪಿಎಚ್ ಥಟ್ಟನೆ ಜಾರದಂತೆ ಹಿಡಿದಿಡುವ ಆಧಾರ. ನಿಮ್ಮ ಕೋಷ್ಟಕ ಕ್ಷಾರತೆ 100 ಇದೆಯೆಂದು ಮೊದಲೇ ಊಹಿಸಿಕೊಂಡು ಬರೆದದ್ದು. ಕಾರ್ಬೊನೇಟ್ ಸಮತೋಲನದಿಂದ ನಾನು ಲೆಕ್ಕ ಹಾಕಿ ನೋಡಿದೆ: ನಿಮ್ಮ ಕೊಳದ ಪಿಎಚ್ 7.8ರಿಂದ 7.4ಕ್ಕೆ ಇಳಿಯಲು, ಕ್ಷಾರತೆ 100 ಇದ್ದರೆ ಶೇಕಡಾ 32ರ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 630 ಮಿಲಿಲೀಟರ್ ಬೇಕು. ಕ್ಷಾರತೆ 40 ಇದ್ದರೆ 250 ಸಾಕು. ಕ್ಷಾರತೆ 40ರ ನೀರಿಗೆ ಅದೇ 630 ಸುರಿದರೆ ಪಿಎಚ್ 7.1ರ ಹತ್ತಿರ ಹೋಗಿ ನಿಲ್ಲುತ್ತದೆ, ಕ್ಷಾರತೆ ಇನ್ನೂ ಕುಸಿದಿದ್ದರೆ ಅದಕ್ಕೂ ಕೆಳಗೆ. ಗ್ಯಾಲನ್ನಿನ ತಪ್ಪಿನಿಂದಾಗಿ ನೀವು ಹಾಕಿದ್ದು ಕಡಿಮೆಯೇ ಆಗಿದ್ದರೂ ಪಿಎಚ್ ಜಾರಿದ್ದು ಇದರಿಂದಲೇ. ಆಸಿಡ್‌ನ ಸ್ಥಿರ ಕೋಷ್ಟಕವನ್ನು ತೆಗೆದು, ಅಂದಿನ ಕ್ಷಾರತೆಯನ್ನು ಕೇಳಿ ಸಮೀಕರಣದಿಂದ ಬಿಡಿಸುವ ಹತ್ತು ಹದಿನೈದು ಸಾಲಿನ ಕೋಡ್ ಹಾಕಿ. ಪರೀಕ್ಷೆಯಲ್ಲಿ ಕಾಣುವ ಕ್ಷಾರತೆಯಲ್ಲಿ ಸಯನ್ಯೂರಿಕ್ ಆಮ್ಲದ ಪಾಲೂ ಸೇರಿರುತ್ತದೆ, ಪಿಎಚ್ 7.5ರ ಹತ್ತಿರ ಅದರ ಮೂರನೆಯ ಒಂದು ಭಾಗವನ್ನು ಕಳೆದರೆ ಕಾರ್ಬೊನೇಟ್ ಕ್ಷಾರತೆ ಸಿಗುತ್ತದೆ. ಆಸಿಡ್‌ನ ಸಮೀಕರಣದಲ್ಲಿ ಈ ಸಯನ್ಯೂರಿಕ್ ಆಮ್ಲದ ಪಾಲನ್ನು ಬೇರೆಯಾಗಿಯೇ ಸೇರಿಸಿ.

ಸಂದಿನ ಸಿಮೆಂಟು ಉದುರುವುದಕ್ಕೂ ಮೂಲ ಇದೇ. ವಿಲ್ಫ್ರೆಡ್ ಲ್ಯಾಂಜೆಲಿಯರ್ 1936ರಲ್ಲಿ ಕೊಳವೆಗಳ ನೀರಿಗಾಗಿ ರೂಪಿಸಿದ ಸೂಚ್ಯಂಕವನ್ನೇ ಇಂದಿಗೂ ಕೊಳಗಳಿಗೆ ಬಳಸುತ್ತಾರೆ. ಪಿಎಚ್, ಉಷ್ಣತೆ, ಕ್ಯಾಲ್ಸಿಯಂ ಮತ್ತು ಕ್ಷಾರತೆಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ, ಸೊನ್ನೆಯಿಂದ ಹೆಚ್ಚೆಂದರೆ 0.3 ಆಚೀಚೆ ಇರಬೇಕು. ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ನಮ್ಮ ಬಾವಿ, ಸುರಂಗಗಳ ನೀರು ಹುಟ್ಟಿನಿಂದಲೇ ಮೆದು. ಉದಾಹರಣೆಗೆ ಪಿಎಚ್ 7.2, ಕ್ಷಾರತೆ 30, ಗಡಸುತನ 20, ಉಷ್ಣತೆ 28 ಡಿಗ್ರಿ ಎಂದು ಹಿಡಿಯಿರಿ. ಸೂಚ್ಯಂಕ ಋಣ 1.8ರಷ್ಟಾಗುತ್ತದೆ. ಅಂಥ ನೀರು ತನಗೆ ಬೇಕಾದ ಸುಣ್ಣವನ್ನು ಸಿಮೆಂಟಿನಿಂದಲೇ ಕೀಳುತ್ತದೆ. ನಿಮ್ಮ ತಂತ್ರಾಂಶದಲ್ಲಿ ಈ ಸೂಚ್ಯಂಕ ಇಲ್ಲವೇ ಇಲ್ಲ. ಬಯಲುಸೀಮೆಯ ಗಡಸು ನೀರಿನವರು ಅದಿಲ್ಲದೆ ಕೆಲವು ಕಾಲ ಸುಧಾರಿಸಿಕೊಂಡಾರು, ನಮಗೆ ಸಾಧ್ಯವಿಲ್ಲ. ಜೊತೆಗೆ ದಿನದ ಮಳೆಯನ್ನು ಮಿಲಿಮೀಟರಿನಲ್ಲಿ ತುಂಬಲು ಒಂದು ಚೌಕ ಇಡಿ. ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆದಿಡುವವರು ನಮ್ಮಲ್ಲಿ ಬೇಕಷ್ಟು ಮಂದಿ ಇದ್ದಾರೆ, ಆ ಅಂಕಿ ನೆರೆಮನೆಯಲ್ಲೇ ಸಿಕ್ಕೀತು. ಮಳೆಯಿಂದ ಕ್ಷಾರತೆ ಎಷ್ಟು ಇಳಿದಿರಬೇಕೆಂದು ತಂತ್ರಾಂಶ ಊಹಿಸಿದರೆ, ಮುಂದಿನ ಪರೀಕ್ಷೆ ಆ ಊಹೆಯನ್ನು ತೂಗಿ ನೋಡುತ್ತದೆ.

ಕತ್ತಿ ಅದ್ದುವ ಮಾತಿಗೆ ಮತ್ತೆ ಬರುತ್ತೇನೆ. ದ್ರವ ಕ್ಲೋರಿನ್ ಡಬ್ಬಿಯ ಮೇಲೆ ಶೇಕಡಾ 10 ಎಂದಿದ್ದರೆ 2 ಲೀಟರ್ ನಿಮ್ಮ ಕೊಳವನ್ನು ಸುಮಾರು 3 ಪಿಪಿಎಂ ಏರಿಸಬೇಕು. ಸಂಜೆ ಬಿಸಿಲು ಇಳಿದ ಮೇಲೆ, ಪಂಪ್ ಓಡುತ್ತಿರುವಾಗ ಹಾಕಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. ಏರಿದ್ದು 2 ಮಾತ್ರವಾದರೆ ಡಬ್ಬಿಯೊಳಗಿನ ನಿಜವಾದ ಸತ್ವ ಆರೂವರೆ ಇದ್ದೀತು. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಡಬ್ಬಿಗೆ ಹೀಗಾಗುವುದು ಸಾಮಾನ್ಯ. ಆ ಸಂಖ್ಯೆಯನ್ನು ತಂತ್ರಾಂಶ ನೆನಪಿಟ್ಟುಕೊಂಡು ಮುಂದಿನ ಪ್ರಮಾಣವನ್ನು ಅದರಂತೆ ಹೇಳಬೇಕು. ಆದರೆ ತಪ್ಪು ಕೊಳದ ಗಾತ್ರದಲ್ಲೂ ಇರಬಹುದಲ್ಲ? ಅದನ್ನು ಬೇರ್ಪಡಿಸಲು ಅಡುಗೆ ಸೋಡಾ ಇದೆ. ಅದು ಡಬ್ಬಿಯಲ್ಲಿ ಸತ್ವ ಕಳೆದುಕೊಳ್ಳುವ ವಸ್ತುವಲ್ಲ. 65,200 ಲೀಟರಿಗೆ 5 ಕಿಲೋ ಹಾಕಿದರೆ ಕ್ಷಾರತೆ ಸುಮಾರು 45 ಪಿಪಿಎಂ ಏರಬೇಕು. ಪ್ರತಿ ಸಲವೂ 55 ಏರುತ್ತಿದ್ದರೆ ಕೊಳ ನೀವು ತಿಳಿದದ್ದಕ್ಕಿಂತ ಚಿಕ್ಕದು. ಹನಿ ಎಣಿಸುವ ಪರೀಕ್ಷೆಯಲ್ಲಿ ಒಂದು ಹನಿ ಎಂದರೆ 10 ಪಿಪಿಎಂ ಆಗಿರುವುದರಿಂದ ಒಂದೇ ಸಲದ ಫಲಿತಾಂಶವನ್ನು ನೆಚ್ಚಬೇಡಿ, ಮೂರು ನಾಲ್ಕು ಸಲದ ಸರಾಸರಿ ಹಿಡಿಯಿರಿ. ಮಳೆಗಾಲದಲ್ಲಿ ಹೇಗೂ ಸೋಡಾ ಹಾಕಲೇಬೇಕು. ಆ ಖರ್ಚಿನಲ್ಲೇ ಕೊಳದ ಗಾತ್ರವೂ ತಿಳಿಯುತ್ತದೆ.

ಯಾವ ವಿಧಾನದಿಂದ ಅಳೆದಿರಿ ಎಂಬುದನ್ನೂ ಅಂಕಿಯ ಜೊತೆಗೇ ಉಳಿಸಿ. ಹಳದಿ ಬಣ್ಣ ಬರುವ ಅಗ್ಗದ ಓಟಿಓ ದ್ರಾವಣ ಒಟ್ಟು ಕ್ಲೋರಿನ್ನನ್ನು ತೋರಿಸುತ್ತದೆ, ಇನ್ನೂ ಕೆಲಸಕ್ಕೆ ಸಿಗುವ ಸ್ವತಂತ್ರ ಕ್ಲೋರಿನ್ನನ್ನು ಬೇರೆಯಾಗಿ ಹೇಳುವುದಿಲ್ಲ. ಡಿಪಿಡಿ ಎಂಬ ಇನ್ನೊಂದು ಕ್ಲೋರಿನ್ ಪರೀಕ್ಷೆಯ ಗುಲಾಬಿ ಬಣ್ಣ ಕ್ಲೋರಿನ್ ತುಂಬಾ ಹೆಚ್ಚಿದ್ದರೆ ಬಿಳಿಚಿಕೊಂಡು ಸೊನ್ನೆಯಂತೆ ಕಾಣುತ್ತದೆ. ಸೊನ್ನೆ ಎಂದು ತುಂಬಿದಾಗ ‘ಗುಲಾಬಿ ಬಣ್ಣ ಮೂಡಿ ಮಾಯವಾಯಿತೇ?’ ಎಂದು ತಂತ್ರಾಂಶ ಕೇಳಲಿ. ನೀರು ಮಸುಕಾಗಿ ತಳದ ಚುಕ್ಕೆ ಮರೆಯಾಗುವುದನ್ನು ನೋಡುವ, ಸಯನ್ಯೂರಿಕ್ ಆಮ್ಲದ ಕಪ್ಪು ಚುಕ್ಕೆಯ ಪರೀಕ್ಷೆಯ ಗುರುತುಗಳು ಸಾಮಾನ್ಯವಾಗಿ 100ಕ್ಕೆ ಮುಗಿಯುತ್ತವೆ; ಅಲ್ಲಿಗೆ ಮುಟ್ಟಿದರೆ ಕೊಳದ ನೀರಿಗೆ ಅಷ್ಟೇ ಬಾವಿ ನೀರು ಬೆರೆಸಿ ಅಳೆದು ಎರಡರಿಂದ ಗುಣಿಸಬೇಕು. ಪಿಎಚ್‌ನ ಫಿನಾಲ್ ರೆಡ್ ಕೊಳವೆಯನ್ನು ನಾನು ಒಮ್ಮೆ ಜಡಿಮಳೆಯಲ್ಲಿ ಮಾಡಿನ ಬಲ್ಬಿನ ಕೆಳಗೆ ಹಿಡಿದು 7.8 ಎಂದು ಬರೆದುಕೊಂಡೆ. ಅದೇ ಕೊಳವೆಯನ್ನು ಅಂಗಳಕ್ಕೆ ಒಯ್ದು ಬಿಳಿ ಹಾಳೆಯ ಮುಂದೆ, ಮೋಡದ ಬೆಳಕಿನಲ್ಲಿ ನೋಡಿದಾಗ 7.4ಕ್ಕಿಂತ ಹೆಚ್ಚಿರಲಿಲ್ಲ. ಬಲ್ಬಿನ ಹಳದಿ ಬೆಳಕಿನಲ್ಲಿ ಹುಟ್ಟಿದ ಆ 0.4ಕ್ಕೆ ನಾನು ಆಸಿಡ್ ಸುರಿಯಲಿದ್ದೆ.

ಸುರಕ್ಷತೆಯ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೆ ನಾನು ಬರೆದುಕೊಟ್ಟ ತಂತ್ರಾಂಶ ಆಸಿಡ್ ಮತ್ತು ದ್ರವ ಕ್ಲೋರಿನ್ ಎರಡರ ಪ್ರಮಾಣವನ್ನೂ ಒಂದೇ ಪರದೆಯಲ್ಲಿ, ಒಂದರ ಕೆಳಗೊಂದು ತೋರಿಸುತ್ತಿತ್ತು. ಅದನ್ನು ಬಳಸುತ್ತಿದ್ದ ಹುಡುಗ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿಯಲು ಹೊರಟಿದ್ದ; ಪಕ್ಕದಲ್ಲಿದ್ದವರು ಕೈ ಹಿಡಿದು ತಡೆದರು. ಅವೆರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಟ್ರೈಕ್ಲೋರ್ ಮಾತ್ರೆ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಒಂದೇ ಪಾತ್ರೆಯಲ್ಲಿ ಬೆರೆತರೆ ಸಿಡಿಯಬಹುದು. ಅಂದಿನಿಂದ ನನ್ನ ನಿಯಮ ಇದು: ಒಂದು ಪರದೆಗೆ ಒಂದೇ ರಾಸಾಯನಿಕ. ‘ಹಾಕಿದೆ’ ಎಂದು ಒತ್ತಿ, ಪಂಪ್ ಓಡಿ, ನಿಗದಿಯಾದ ಹೊತ್ತು ಕಳೆಯುವವರೆಗೆ ಎರಡನೆಯದು ಕಾಣಿಸಕೂಡದು. ಆಸಿಡ್ ಯಾವಾಗಲೂ ಅರ್ಧ ಪ್ರಮಾಣ ಮೊದಲು, ಮರುಪರೀಕ್ಷೆಯ ಬಳಿಕ ಉಳಿದದ್ದು. ಹೇಳುವ ಪ್ರಮಾಣ 633.27 ಎಂದಿರಬಾರದು, 600 ಎಂದಿದ್ದರೆ ಸಾಕು, ನಿಮ್ಮ ಅಳತೆಯ ಲೋಟಕ್ಕೆ ಅದಕ್ಕಿಂತ ಹೆಚ್ಚಿನ ನಿಖರತೆ ಇಲ್ಲ.

ತೋಟದಲ್ಲಿ ಉಳಿದ ಮೈಲುತುತ್ತನ್ನು ಪಾಚಿಗೆಂದು ಕೊಳಕ್ಕೆ ಹಾಕುವವರು ನಮ್ಮಲ್ಲಿದ್ದಾರೆ. ಅದೂ ದಾಖಲೆಗೆ ಬರಲಿ, ಏಕೆಂದರೆ ತಾಮ್ರದ ಛಾಯೆಯನ್ನು ಪಾಚಿಯೆಂದು ತಿಳಿದು ಕ್ಲೋರಿನ್ ಸುರಿದರೆ ಟೈಲ್ಸ್ ಮೇಲೆ ಕಲೆ ಕೂರುತ್ತದೆ. ಬೋರ್‌ವೆಲ್ ನೀರಿನ ಕಬ್ಬಿಣದ್ದೂ ಇದೇ ಹಣೆಬರಹ.

ಕೋಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿ ಲೆಕ್ಕ ಹಾಕಿ ತೆಗೆದ ಹತ್ತು ಉದಾಹರಣೆಗಳನ್ನು ಪರೀಕ್ಷೆಗಳಾಗಿ ಬರೆದಿಡಿ, ಸಾಲು ಬದಲಾದಾಗಲೆಲ್ಲ ಅವು ಓಡಲಿ; ಕೊಳ ಇಮ್ಮಡಿಯಾದರೆ ಪ್ರಮಾಣವೂ ಇಮ್ಮಡಿಯಾಗಬೇಕು ಎಂಬಂಥ ಸಾಮಾನ್ಯ ನಿಯಮಗಳೂ ಅದರಲ್ಲಿರಲಿ. ಮೇಲೆ ಕೊಟ್ಟ ಅಂಕಿಗಳನ್ನೇ ಮೊದಲ ಉದಾಹರಣೆಗಳಾಗಿ ಬಳಸಬಹುದು. ಕನ್ನಡ ಕೀಲಿಮಣೆಯಿಂದ ‘೭.೪’ ಎಂದು ತುಂಬಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ, ಪೈಥಾನ್ ಒಪ್ಪುತ್ತದೆ. ನಿಮ್ಮದು ಜಾವಾಸ್ಕ್ರಿಪ್ಟ್ ಆದ್ದರಿಂದ ಅಂಕೆಗಳನ್ನು ಮೊದಲೇ ಬದಲಿಸಿಕೊಳ್ಳಿ. ಆಟಿಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರು ನಮ್ಮದು, ಎಲ್ಲವೂ ಫೋನಿನಲ್ಲೇ ಉಳಿಯುವಂತಿರಲಿ. ಪರದೆಯ ಮಾತುಗಳು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಆದರೆ ಡಬ್ಬಿಯ ಹೆಸರು ಕೆಲಸದವರು ಬಾಯಲ್ಲಿ ಹೇಳುವಂತೆಯೇ ಇರಲಿ.

ಸೆನ್ಸರ್ ಈಗ ಬೇಡ. ಆಕ್ಸಿಡೀಕರಣವನ್ನು ಅಳೆಯುವ ಓಆರ್‌ಪಿ ಸೆನ್ಸರಿನ ಅಂಕಿ ಸಯನ್ಯೂರಿಕ್ ಆಮ್ಲ ಹೆಚ್ಚಿರುವ ನೀರಿನಲ್ಲಿ ದಾರಿ ತಪ್ಪಿಸುತ್ತದೆ. ಪಿಎಚ್ ಸೆನ್ಸರನ್ನು, ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಆಗಾಗ ಹೊಂದಿಸದಿದ್ದರೆ ಅದು ನಿಧಾನವಾಗಿ ಸುಳ್ಳು ಹೇಳತೊಡಗುತ್ತದೆ. ಕೃತಕ ಬುದ್ಧಿಮತ್ತೆಗೆ ಕಲಿಯಲು ದಾಖಲೆ ಬೇಕು, ನಿಮ್ಮ ಬಳಿ ಅದಿನ್ನೂ ಇಲ್ಲ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿನ ತುಳುನಾಡಿನ ಆಚರಣೆ) ಮೊದಲು ಗ್ಯಾಲನ್ ತೆಗೆದುಹಾಕಿ, ಖಾಲಿ ಚೌಕವನ್ನು ಸೊನ್ನೆ ಎನ್ನುವುದನ್ನು ನಿಲ್ಲಿಸಿ, ಮೂರೂ ಕೊಳಗಳ ಸಯನ್ಯೂರಿಕ್ ಆಮ್ಲ ಮತ್ತು ಕ್ಷಾರತೆಯನ್ನು ಒಮ್ಮೆ ಅಳೆದು ತುಂಬಿ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಕ್ಷಾರತೆ, ಸೋಡಾ ಹಾಕಿದ ದಿನ ಮುಂಚೆ ಒಮ್ಮೆ, ನಂತರ ಒಮ್ಮೆ. ಸೆಪ್ಟೆಂಬರ್ ಹೊತ್ತಿಗೆ ಮಳೆಯ ಅಂಕಿಗಳ ಸಹಿತ ಆ ದಾಖಲೆಯನ್ನು ನನಗೆ ಕಳುಹಿಸಿದರೆ, ನಿಮ್ಮ ಕೊಳದಲ್ಲಿ ಮಳೆನೀರು ಎಷ್ಟು ಬೆರೆಯುತ್ತದೆ, ಎಷ್ಟು ಹಾಗೆಯೇ ಹರಿದುಹೋಗುತ್ತದೆ ಎಂಬ ಗುಣಕವನ್ನು ಕುಳಿತು ಲೆಕ್ಕ ಹಾಕಿಕೊಡುತ್ತೇನೆ.